ಗಡ್ಡೆಯ ಚೂರಿಗೆ ಒಪ್ಪಿಗೆ ಕೇಳುವುದು ಕನ್ನಡದಲ್ಲಿರಲಿ

ಗಚ್ಚಿಬೌಲಿ ಎಂದರೆ ನಮ್ಮೂರಿನವರಿಗೆ ನೆನಪಾಗುವುದು ಐಟಿ ಕಂಪನಿಗಳು. ಆದರೆ ಇಲ್ಲಿನ ಐಐಐಟಿ ಮತ್ತು ಪಂಜಗುಟ್ಟದ ನಿಮ್ಸ್ ಆಸ್ಪತ್ರೆ ಸೇರಿ ಮಾಡಿರುವ ಒಂದು ಕೆಲಸ ಕಲಬುರಗಿ, ಬೀದರ್, ರಾಯಚೂರಿನವರಿಗೂ ಸಂಬಂಧಿಸಿದ್ದು. 367 ರೋಗಿಗಳ ಮಿದುಳಿನ ಗಡ್ಡೆಯ 547 ಸ್ಲೈಡ್‌ಗಳನ್ನು ಸ್ಕ್ಯಾನ್ ಮಾಡಿ, 2024ರಲ್ಲಿ ‘ಐಪಿಡಿ-ಬ್ರೇನ್’ ಎಂಬ ದತ್ತಾಂಶವನ್ನು ಸಂಶೋಧಕರ ಮುಂದಿಟ್ಟಿದ್ದಾರೆ. ಬಣ್ಣ ಹಾಕಿದ ಸಾಮಾನ್ಯ ಸ್ಲೈಡ್ ನೋಡಿಯೇ ಗಡ್ಡೆಯ ಬಗೆಯನ್ನು ಗುರುತಿಸಲು ಕಂಪ್ಯೂಟರಿಗೆ ಕಲಿಸುವುದು ಇದರ ಉದ್ದೇಶಗಳಲ್ಲೊಂದು. ದುಬಾರಿ ಜೀನ್ ಪರೀಕ್ಷೆ ಎಟುಕದವರಿಗೆ ಇದು ಮುಂದೆ ಆಸರೆಯಾಗಬಹುದು.

ಇಂಥ ಗಡ್ಡೆಗಳಲ್ಲಿ ಅತಿ ಉಗ್ರವಾದದ್ದು ಗ್ಲಿಯೊಬ್ಲಾಸ್ಟೋಮಾ. ರೇಡಿಯೇಶನ್ ಜೊತೆಗೆ ಟೆಮೊಝೊಲೊಮೈಡ್ ಮಾತ್ರೆ ಕೊಡುವ ಇಂದಿನ ಕ್ರಮಕ್ಕೆ ಆಧಾರ 2005ರ ಅಧ್ಯಯನ. ರೇಡಿಯೇಶನ್ ಮಾತ್ರ ಪಡೆದವರಲ್ಲಿ ಅರ್ಧದಷ್ಟು ಜನ 12.1 ತಿಂಗಳು ಬದುಕಿದ್ದರೆ, ಮಾತ್ರೆಯನ್ನೂ ಪಡೆದವರಲ್ಲಿ ಅದು 14.6 ತಿಂಗಳಾಯಿತು. ಗಳಿಕೆ ಎರಡೂವರೆ ತಿಂಗಳು.

ಈ ರೋಗ ಇಷ್ಟು ಹಟಮಾರಿ ಯಾಕೆ? ಒಂದೇ ಗಡ್ಡೆಯೊಳಗೆ ಹಲವು ಬಗೆಯ ಜೀವಕೋಶಗಳಿರುವುದು ಒಂದು ಮುಖ್ಯ ಕಾರಣ. 2014ರಲ್ಲಿ ಅಮೆರಿಕದ ವಿಜ್ಞಾನಿಗಳು ಐದು ಗಡ್ಡೆಗಳ 430 ಕೋಶಗಳನ್ನು ಒಂದೊಂದಾಗಿ ಓದಿ ಇದನ್ನು ತೋರಿಸಿದರು. ಕ್ಯಾನ್ಸರ್ ಕೋಶಗಳು ಮುಖ್ಯವಾಗಿ ನಾಲ್ಕು ಸ್ಥಿತಿಗಳಲ್ಲಿರುತ್ತವೆ, ಒಂದರಿಂದ ಇನ್ನೊಂದಕ್ಕೆ ಬದಲಾಗಲೂಬಲ್ಲವು ಎಂದು 2019ರ ಅಧ್ಯಯನ ಹೇಳಿತು. ಒಂದು ಬಗೆಯನ್ನು ಕೊಂದ ಔಷಧಿಗೆ ಇನ್ನೊಂದು ಬಗ್ಗದೆ ಉಳಿಯಬಹುದು. ಇಡೀ ಗಡ್ಡೆಯ ಸರಾಸರಿ ಲೆಕ್ಕದಲ್ಲಿ ಈ ಭೇದ ಕಾಣುವುದಿಲ್ಲ.

ಸಾಫ್ಟ್‌ವೇರ್ ಕೆಲಸದವನಾಗಿ ನನಗೆ ಗೊತ್ತಿರುವುದಿಷ್ಟು: ಕಂಪ್ಯೂಟರ್ ತಾನು ಕಂಡದ್ದರಿಂದಲೇ ಕಲಿಯುತ್ತದೆ. ಹೊರದೇಶದ ರೋಗಿಗಳ ಸ್ಲೈಡ್‌ಗಳನ್ನಷ್ಟೇ ಕಂಡಿದ್ದರೆ ನಮ್ಮವರ ವಿಷಯದಲ್ಲಿ ಅದನ್ನು ಕಣ್ಣುಮುಚ್ಚಿ ನಂಬಲಾಗದು. ನಮ್ಮವರ ಮಾದರಿಗಳೂ ಅದರಲ್ಲಿರಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದಲೇ ಮಿದುಳು ಬ್ಯಾಂಕ್ ಇದೆ. ಅಂಥ ಸಂಗ್ರಹಗಳು ಬೆಳೆಯುವುದು ಕುಟುಂಬಗಳ ಒಪ್ಪಿಗೆಯಿಂದ.

ತೊಡಕಿರುವುದು ಅಲ್ಲೇ. ಊರಿನಿಂದ ಇಲ್ಲಿಗೆ ಚಿಕಿತ್ಸೆಗೆ ಬಂದವರಿಗೆ ಫಾರಂ ಓದಿ ಹೇಳುವ ಕೆಲಸ ಎಷ್ಟೋ ಸಲ ನನ್ನ ಪಾಲಿಗೆ ಬರುತ್ತದೆ. ‘ಉಳಿದ ಅಂಗಾಂಶವನ್ನು ಸಂಶೋಧನೆಗೆ ಬಳಸಬಹುದೇ’ ಎಂಬ ಸಾಲು ಬಂದಾಗ, “ತಮ್ಮಾ, ಪೇಷಂಟ್ ಮ್ಯಾಲೆ ಏನರ ಪ್ರಯೋಗ ಮಾಡ್ತಾರೇನು?” ಎಂದು ಕೇಳುತ್ತಾರೆ. ಆ ಭಯ ತಪ್ಪಲ್ಲ. ಆಪರೇಷನ್ ಆತಂಕದಲ್ಲಿರುವವರಿಗೆ ಓದಲು ಬಾರದ ಭಾಷೆಯ ಕಾಗದ ಕೊಟ್ಟು ಹಾಕಿಸಿಕೊಂಡ ಸಹಿಯನ್ನು ಒಪ್ಪಿಗೆ ಎನ್ನಲಾಗದು. ಅರ್ಥವಾಗುವ ಭಾಷೆಯಲ್ಲೇ ಒಪ್ಪಿಗೆ ಪಡೆಯಬೇಕೆಂದು ಐಸಿಎಂಆರ್‌ನ 2017ರ ಮಾರ್ಗಸೂಚಿಯೂ ಹೇಳುತ್ತದೆ.

ಗಡಿ ಜಿಲ್ಲೆಗಳ ರೋಗಿಗಳು ಬರುವ ಪ್ರತಿ ಆಸ್ಪತ್ರೆಯಲ್ಲೂ ಒಂದು ಪುಟದ ಕನ್ನಡ ಫಾರಂ ಇರಲಿ. ಚಿಕಿತ್ಸೆಗಾಗಿ ತೆಗೆದದ್ದರಲ್ಲಿ ಉಳಿದದ್ದನ್ನಷ್ಟೇ ಬಳಸುತ್ತೇವೆ, ಹೆಸರು ಹೊರಬೀಳದು, ಬೇಡವೆಂದರೂ ಚಿಕಿತ್ಸೆಯಲ್ಲಿ ವ್ಯತ್ಯಾಸವಾಗದು ಎಂದು ಅದರಲ್ಲಿ ಬರೆದಿರಲಿ. ಇದರ ಫಲ ನಿಮ್ಮ ರೋಗಿಗೆ ಸಿಗಲಿಕ್ಕಿಲ್ಲ, ಮುಂದೆ ಬರುವವರಿಗೆ ಸಿಗಬಹುದು ಎಂಬ ಸತ್ಯವನ್ನೂ ಮುಚ್ಚಿಡುವುದು ಬೇಡ. ಇಷ್ಟು ತಿಳಿಸಿ ಕೇಳಿದರೆ ನಮ್ಮ ಜನ ಬೇಡವೆನ್ನುವುದು ಕಡಿಮೆ.