ಪೋಲೆಂಡಿನ ಹುಡುಗರು ಮಾಡಿ ತೋರಿಸಿದರು, ನಾವು?

ನಮ್ಮ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವ ಹುಡುಗನೊಬ್ಬನಿದ್ದಾನೆ. ಮಧ್ಯಾಹ್ನ ಊಟದ ಡಬ್ಬಿ ತೆಗೆಯುವ ಮೊದಲೇ ಮೊಬೈಲು ತೆಗೆಯುತ್ತಾನೆ. ಮೊನ್ನೆ ಪಕ್ಕದಲ್ಲಿ ಕೂತು ನೋಡಿದೆ. ಆಟದೊಳಗಿನ ಸೈನಿಕ ಇಂಗ್ಲಿಷಿನಲ್ಲಿ ಏನೋ ಕೂಗುತ್ತಾನೆ, ಇವನು ಗುಂಡು ಹಾರಿಸುತ್ತಾನೆ. ‘ಏನಂದನೋ ಅವನು?’ ಎಂದೆ. ‘ಗೊತ್ತಿಲ್ಲ ಸಾರ್, ಅಂದಾಜಿನ ಮೇಲೆ ಆಡ್ತೀನಿ’ ಎಂದ.

ಅಂದಾಜಿನ ಮೇಲೆ! ಬ್ಯಾಂಕಿನ ಚಲನ್ ಅಂದಾಜಿನ ಮೇಲೆ ತುಂಬಿದ್ದಾಯಿತು. ಈಗ ಆಟವನ್ನೂ ಕನ್ನಡಿಗ ಅಂದಾಜಿನ ಮೇಲೆಯೇ ಆಡಬೇಕು. ‘ಆಟಕ್ಕೆಂಥ ಭಾಷೆ ಬಿಡ್ರೀ’ ಎನ್ನುವ ಬುದ್ಧಿವಂತರು ನಮ್ಮಲ್ಲಿ ಬಹಳ ಮಂದಿ. ಅವರಿಗಾಗಿ ಪೋಲೆಂಡಿನ ಒಂದು ಕಂಪನಿಯ ಕಥೆ ಹೇಳುತ್ತೇನೆ.

ಪೋಲೆಂಡ್ 1795ರಿಂದ 1918ರವರೆಗೆ, 123 ವರ್ಷ, ಭೂಪಟದಲ್ಲೇ ಇರಲಿಲ್ಲ. ರಷ್ಯಾ, ಪ್ರಶ್ಯಾ, ಆಸ್ಟ್ರಿಯಾ ಅದನ್ನು ಹರಿದು ಹಂಚಿಕೊಂಡಿದ್ದವು. 1901ರಲ್ಲಿ ವ್ಜೆಶ್ನ್ಯಾ ಎಂಬ ಊರಿನ ಶಾಲಾಮಕ್ಕಳು ಧರ್ಮಪಾಠವನ್ನು ಜರ್ಮನ್ ಭಾಷೆಯಲ್ಲಿ ಒಪ್ಪಿಸುವುದಿಲ್ಲ ಎಂದು ಹಟ ಹಿಡಿದು ಬೆತ್ತದೇಟು ತಿಂದರು. ಇವತ್ತು ಆ ದೇಶದ ಜನಸಂಖ್ಯೆ ನಾಲ್ಕು ಕೋಟಿಯೂ ಇಲ್ಲ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದು ಬರೆಸಿದವರೇ 4.37 ಕೋಟಿ! ‘ನಮ್ಮದು ಸಣ್ಣ ಮಾರುಕಟ್ಟೆ’ ಎಂದು ಅಳುವವರು ಈ ಲೆಕ್ಕ ನೆನಪಿಟ್ಟುಕೊಳ್ಳಲಿ.

ಮರ್ಚಿನ್ ಇವಿನ್ಸ್ಕಿ, ಮಿಖಾವ್ ಕಿಚಿನ್ಸ್ಕಿ ಶಾಲಾ ಗೆಳೆಯರು. ಹುಡುಗರಾಗಿದ್ದಾಗ ವಾರ್ಸಾದ ಕಂಪ್ಯೂಟರ್ ಸಂತೆಯಲ್ಲಿ ಕಳ್ಳ ಪ್ರತಿಗಳ ವ್ಯವಹಾರ ಮಾಡಿದವರೇ. 1994ರಲ್ಲಿ ಇಬ್ಬರೂ ಸೇರಿ ‘ಸಿಡಿ ಪ್ರೊಜೆಕ್ಟ್’ ಶುರು ಮಾಡಿದರು. ಆಫೀಸು ಎಂದರೆ ಗೆಳೆಯನ ಮನೆಯ ಒಂದು ಕೋಣೆ. ಅಮೆರಿಕದಿಂದ ಆಟದ ಸಿ.ಡಿ. ತರಿಸಿ ಮಾರುವುದು ಕೆಲಸ. ಬೀದಿಯಲ್ಲಿ ಕಳ್ಳ ಪ್ರತಿ ಅಗ್ಗಕ್ಕೆ ಸಿಗುವಾಗ ಅಸಲಿ ಮಾಲನ್ನು ಯಾರು ಕೊಳ್ಳುತ್ತಾರೆ? ಫುಟ್‌ಪಾತಿನಲ್ಲಿ ಕಾದಂಬರಿಗಳ ಜೆರಾಕ್ಸ್ ಪ್ರತಿ ನೋಡಿ ಹೊಟ್ಟೆ ಉರಿಸಿಕೊಂಡ ನನ್ನಂಥ ಪ್ರೆಸ್ಸಿನವನಿಗೆ ಈ ಕಷ್ಟ ಚೆನ್ನಾಗಿ ಗೊತ್ತು.

ಅವರು ಕಂಡುಕೊಂಡ ಉತ್ತರ ಭಾಷೆ. 1999ರಲ್ಲಿ ‘ಬಾಲ್ಡರ್ಸ್ ಗೇಟ್’ ಎಂಬ ಐದು ಸಿ.ಡಿ.ಗಳ ದೊಡ್ಡ ಆಟವನ್ನು ಪೂರ್ತಿಯಾಗಿ ಪೋಲಿಷ್‌ಗೆ ತಂದರು. ಕಾಟಾಚಾರದ ಅನುವಾದವಲ್ಲ. ಪಿಯೋತ್ರ್ ಫ್ರಾನ್ಚೆವ್ಸ್ಕಿಯಂಥ ಹೆಸರಾಂತ ನಟರಿಂದ ಧ್ವನಿ ಕೊಡಿಸಿದರು. ಡಬ್ಬಿಯಲ್ಲಿ ನಕ್ಷೆ, ನಿಯಮಗಳ ಪುಸ್ತಕ ಇಟ್ಟರು. ಮೊದಲ ದಿನವೇ 18 ಸಾವಿರ ಪ್ರತಿ ಹೊರಟವು. ಕಳ್ಳ ಪ್ರತಿ ಕೊಳ್ಳುತ್ತಿದ್ದ ಜನವೇ ತಮ್ಮ ಭಾಷೆಗೆ ಮರ್ಯಾದೆ ಕೊಟ್ಟವನಿಗೆ ದುಡ್ಡು ಕೊಟ್ಟಿತು.

ಅಲ್ಲಿಗೇ ನಿಲ್ಲಲಿಲ್ಲ. 2002ರಲ್ಲಿ ಸ್ವಂತ ಸ್ಟುಡಿಯೋ ಕಟ್ಟಿದರು. ಕಥೆಗೆ ಹಾಲಿವುಡ್ ಕಡೆ ನೋಡದೆ ತಮ್ಮದೇ ಲೇಖಕ ಆಂಜೇ ಸಪ್ಕೋವ್ಸ್ಕಿಯ ಕಡೆ ನೋಡಿದರು. 1986ರಲ್ಲಿ ಒಂದು ಪೋಲಿಷ್ ಪತ್ರಿಕೆಯಲ್ಲಿ ಅಚ್ಚಾದ ಕಥೆಯಿಂದ ಶುರುವಾದ ‘ವಿಚರ್’ 2007ರಲ್ಲಿ ಆಟವಾಯಿತು. 2011ರಲ್ಲಿ ಪೋಲೆಂಡಿನ ಪ್ರಧಾನಿ ಡೊನಾಲ್ಡ್ ಟುಸ್ಕ್ ಅದರ ಎರಡನೇ ಭಾಗವನ್ನು ಅಮೆರಿಕದ ಅಧ್ಯಕ್ಷ ಒಬಾಮಾಗೆ ಉಡುಗೊರೆ ಕೊಟ್ಟರು. 2015ರ ಮೂರನೇ ಭಾಗ 2023ರ ಹೊತ್ತಿಗೆ 5 ಕೋಟಿ ಪ್ರತಿ ದಾಟಿತ್ತು.

ಎಲ್ಲವೂ ಹೂವಿನ ಹಾಸಿಗೆಯಲ್ಲ. ಲಾಭದಲ್ಲಿ ಪಾಲು ಬೇಡ, ಒಂದೇ ಗಂಟು ಕೊಡಿ ಎಂದಿದ್ದ ಲೇಖಕ 2018ರಲ್ಲಿ 6 ಕೋಟಿ ಜ್ಲೋಟಿ ಕೇಳಿದರು. 2019ರಲ್ಲಿ ಹೊಸ ಒಪ್ಪಂದವಾಯಿತು. 2020ರ ಡಿಸೆಂಬರಿನಲ್ಲಿ ‘ಸೈಬರ್‌ಪಂಕ್ 2077’ ಆಟವನ್ನು ಅರ್ಧಂಬರ್ಧ ಬೆಂದಿರುವಾಗಲೇ ಬಡಿಸಿದರು. ಅದಕ್ಕೂ ಮೊದಲು, ಬಲವಂತದ ಹೆಚ್ಚುವರಿ ದುಡಿಮೆ ಇಲ್ಲ ಎಂದ ಮಾತು ಮುರಿದು ನೌಕರರಿಂದ ವಾರಕ್ಕೆ ಆರು ದಿನ ಕೆಲಸ ಮಾಡಿಸಿದ್ದರು. ಸೋನಿ ಕಂಪನಿ ಆಟವನ್ನು ತನ್ನ ಅಂಗಡಿಯಿಂದಲೇ ತೆಗೆದುಹಾಕಿತು. ಪ್ರೂಫ್ ನೋಡದೆ ಅಚ್ಚಿಗೆ ಹಾಕಿದರೆ ಏನಾಗುತ್ತದೋ ಅದೇ ಆಯಿತು. ಆದರೂ ಓಡಿಹೋಗಲಿಲ್ಲ, ವರ್ಷಗಟ್ಟಲೆ ಕೂತು ತಿದ್ದಿದರು.

ಇನ್ನು ನಮ್ಮ ಕಡೆ ನೋಡಿ. ಬೆಂಗಳೂರಿನಲ್ಲೇ 1997ರಲ್ಲಿ ಧ್ರುವ ಇಂಟರಾಕ್ಟಿವ್ ಹುಟ್ಟಿತು. ಹೊರದೇಶದ ದೊಡ್ಡ ಆಟಗಳಿಗೆ ಚಿತ್ರ ಮಾಡಿಕೊಟ್ಟು ಹೆಸರು ಗಳಿಸಿತು. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಅದನ್ನು ಕೊಂಡುಕೊಂಡಿತು. ನಮ್ಮೂರಿನಲ್ಲಿ ಕುಶಲ ಕೈಗಳಿಗೆ ಬರವಿಲ್ಲ. ಆದರೆ ಕಥೆ ಬೇರೆಯವರದು, ಭಾಷೆ ಬೇರೆಯವರದು. ಇದಕ್ಕೆ ಪ್ರೆಸ್ಸಿನವರು ‘ಜಾಬ್ ವರ್ಕ್’ ಎನ್ನುತ್ತೇವೆ. ಜಾಬ್ ವರ್ಕ್ ಮಾಡುವುದು ಅವಮಾನವಲ್ಲ, ನನ್ನ ಮನೆ ನಡೆಯುವುದೇ ಅದರಿಂದ. ಆದರೆ ಲಗ್ನಪತ್ರಿಕೆ, ಬಿಲ್ ಬುಕ್ಕು ಎಷ್ಟು ಲಕ್ಷ ಅಚ್ಚು ಹಾಕಿದರೂ ನಾನು ಪ್ರಕಾಶಕನಾಗುವುದಿಲ್ಲ.

ಒಂದು ಕಹಿ ಮಾತನ್ನೂ ಹೇಳಿಬಿಡುತ್ತೇನೆ. ಡಬ್ಬಿಂಗ್ ಬಂದರೆ ಕನ್ನಡ ಸತ್ತೇಹೋಗುತ್ತದೆ ಎಂದು ದಶಕಗಟ್ಟಲೆ ಕೂಗಿದವರಲ್ಲಿ ನಾನೂ ಒಬ್ಬ. ಪೋಲೆಂಡಿನಲ್ಲಿ ನಡೆದದ್ದು ಅದರ ಉಲ್ಟಾ. ಹೊರಗಿನ ಆಟ ಅವರ ಭಾಷೆಯಲ್ಲಿ ಬಂತು, ಕೊಳ್ಳುವ ಜನ ಹುಟ್ಟಿದರು, ಆ ಜನರ ಬಲದ ಮೇಲೆ ಸ್ವಂತ ಆಟ ಹುಟ್ಟಿತು. ಬಾಗಿಲು ಹಾಕಿಕೊಂಡು ಕೂತ ನಮ್ಮ ಮಕ್ಕಳು ಕನ್ನಡದ್ದನ್ನು ಆಡಲಿಲ್ಲ, ಇಂಗ್ಲಿಷಿನದನ್ನು ಆಡಿದರು. ನಮ್ಮ ಲೆಕ್ಕ ತಪ್ಪಿತ್ತು, ಒಪ್ಪಿಕೊಳ್ಳೋಣ.

ಯುವಕರೇ, ಕಂಪ್ಯೂಟರ್ ಬಲ್ಲವರು ನೀವು. ಬೋರ್ಡಿಗೆ ಮಸಿ ಬಳಿಯುವುದಷ್ಟೇ ಹೋರಾಟವಲ್ಲ. ಆಟದ ಕಂಪನಿಗಳಿಗೆ ‘ಕನ್ನಡ ಎಲ್ಲಿ?’ ಎಂದು ಬರೆಯಿರಿ, ಬಿಡದೆ ಬರೆಯಿರಿ. ನಾಲ್ಕು ಗೆಳೆಯರು ಒಂದು ಕೋಣೆಯಲ್ಲಿ ಸೇರಿ ಸಣ್ಣದೊಂದು ಆಟವಾದರೂ ಒಳ್ಳೆಯ ಕನ್ನಡದಲ್ಲಿ ಮಾಡಿ. ಬರೆದುಕೊಡುವ ಲೇಖಕನಿಗೆ ಮೊದಲೇ ಸರಿಯಾದ ಪಾಲು ಕೊಡಿ. ಮಾಡಿದವರು ಸಿಕ್ಕಾಗ ಉಳಿದವರು ಪುಕ್ಕಟೆ ಕೇಳಬೇಡಿ, ದುಡ್ಡು ಕೊಟ್ಟು ಕೊಳ್ಳಿ.

‘ಕನ್ನಡದಲ್ಲಿ ಬಂದರೆ ಎಷ್ಟು ಕೊಡ್ತೀಯೋ?’ ಎಂದು ನಮ್ಮ ಬೈಂಡಿಂಗ್ ಹುಡುಗನನ್ನು ಕೇಳಿದೆ. ‘ಒಂದು ದಿನದ ಕೂಲಿ ಕೊಡ್ತೀನಿ ಸಾರ್’ ಎಂದ. ಗಿರಾಕಿ ಸಿದ್ಧನಿದ್ದಾನೆ. ಅಂಗಡಿ ತೆರೆಯುವವರು ಯಾರು?