ಪತ್ತೇದಾರಿಣಿಯು ಅಡುಗೆಮನೆಗೂ ಇಳಿಯಲಿ

ಜೇನ್ ಆಸ್ಟಿನ್ನಳ ಕಾಲದ ಇಂಗ್ಲೆಂಡನ್ನು ಹಿನ್ನೆಲೆಯಾಗಿಟ್ಟುಕೊಂಡು, ಕುಲೀನ ಮನೆತನದ ಹೆಣ್ಣೊಬ್ಬಳು ಕೊಲೆಯ ರಹಸ್ಯವನ್ನು ಭೇದಿಸುವ ಕಾದಂಬರಿಗಳು ಇಂಗ್ಲಿಷಿನಲ್ಲಿ ಹೇರಳವಾಗಿ ಬಂದಿವೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇವನ್ನು ಮೆಚ್ಚಿ ಓದುತ್ತಾರೆ, ಇನ್ನು ಕೆಲವರು, "ಆ ಕಾಲದ ಹೆಣ್ಣಿಗೆ ಪತ್ತೇದಾರಿಕೆ ಎಲ್ಲಿಂದ ಬರಬೇಕು? ಇದು ಇಂದಿನವರು ಅಂದಿನವರಿಗೆ ತೊಡಿಸಿದ ವೇಷ" ಎಂದು ತಳ್ಳಿಹಾಕುತ್ತಾರೆ. ಈ ಆಕ್ಷೇಪಣೆಯನ್ನು ನಾನು ಒಪ್ಪುವುದಿಲ್ಲ. ಆದರೆ ಈ ಕಾದಂಬರಿಗಳ ಮೇಲೆ ನನ್ನದೇ ಆದ ಬೇರೊಂದು ದೂರಿದೆ. ಎರಡನ್ನೂ ಇಲ್ಲಿ ನಿವೇದಿಸುತ್ತೇನೆ.

ಮೊದಲಿಗೆ ಕಾಲದ ವಿಷಯ. ದೊರೆ ಮೂರನೆಯ ಜಾರ್ಜ್ ಬುದ್ಧಿಭ್ರಮಣೆಗೊಳಗಾದಾಗ ಅವನ ಹಿರಿಯ ಮಗ 1811ರಲ್ಲಿ ರಾಜಪ್ರತಿನಿಧಿಯಾದನು. ತಂದೆ ತೀರಿಕೊಂಡ 1820ರವರೆಗಿನ ಈ ಅವಧಿಗೆ ರೀಜೆನ್ಸಿ ಎಂದು ಹೆಸರು. ಹದಿನಾರು ವರ್ಷ ಹಿಂದೆ, 1799ರಲ್ಲಿ, ನಮ್ಮ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ ವೆಲಿಂಗ್ಟನ್ ಪ್ರಭುವಾಗಿ 1815ರಲ್ಲಿ ವಾಟರ್ಲೂ ಕದನವನ್ನು ಗೆದ್ದದ್ದು ಈ ಅವಧಿಯಲ್ಲಿಯೇ. ಕಾದಂಬರಿಗಳಲ್ಲಿ ಕಾಣುವುದು ನೃತ್ಯಕೂಟ, ರೇಷ್ಮೆಯ ಉಡುಪು, ಕುದುರೆಗಾಡಿ. ಆದರೆ 1811ರ ಡಿಸೆಂಬರಿನಲ್ಲಿ ಲಂಡನ್ನಿನ ರ್‍ಯಾಟ್‌ಕ್ಲಿಫ್ ಹೈವೇ ಎಂಬಲ್ಲಿ ಎರಡು ಮನೆಗಳ ಏಳು ಮಂದಿ ಕೊಲೆಯಾದಾಗ, ಆ ಮಹಾನಗರಕ್ಕೆ ಒಂದು ಸಮಗ್ರ ಪೊಲೀಸ್ ಪಡೆಯೇ ಇರಲಿಲ್ಲ. ಬೋ ಸ್ಟ್ರೀಟಿನ ಕೆಲವು ಪೇದೆಗಳು, ರಾತ್ರಿಯ ಕಾವಲುಗಾರರು, ಸ್ಥಳೀಯ ನ್ಯಾಯಾಧಿಕಾರಿಗಳು, ಬಹುಮಾನದ ಭಿತ್ತಿಪತ್ರಗಳು - ಇಷ್ಟೇ. ಶಂಕಿತನು ವಿಚಾರಣೆಗೆ ಮುನ್ನವೇ ಸೆರೆಮನೆಯಲ್ಲಿ ನೇಣಿನಲ್ಲಿ ಸತ್ತುಬಿದ್ದನು. ಅಲ್ಲಿಗೆ ಸತ್ಯವೂ ಸಂದೇಹದಲ್ಲಿ ಹೂತುಹೋಯಿತು. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಹುಟ್ಟಿದ್ದು 1829ರಲ್ಲಿ.

ಹೀಗಿರುವಾಗ ಹವ್ಯಾಸಿ ಪತ್ತೇದಾರಿಕೆ ಅಸಂಭವವೇನಲ್ಲ. ವೃತ್ತಿಪರರೇ ಅಪರೂಪವಾಗಿದ್ದ ಕಡೆ ಪತ್ತೆಮಾಡುವವರೆಲ್ಲರೂ ಹವ್ಯಾಸಿಗಳೇ. ಹೆಣ್ಣಿನ ಕಣ್ಣು ಆ ಕೆಲಸಕ್ಕೆ ಒದಗುವುದೆಂಬುದಕ್ಕೆ ಆಸ್ಟಿನ್ನಳೇ ಸಾಕ್ಷಿ. 1815ರ ಕೊನೆಯಲ್ಲಿ ಪ್ರಕಟವಾದ 'ಎಮ್ಮಾ' ಕಾದಂಬರಿಯಲ್ಲಿ ಕೊಲೆಯಿಲ್ಲ, ಕಳವಿಲ್ಲ. ಆದರೂ ಅದನ್ನು ಪತ್ತೇದಾರಿ ಕಥೆಯಾಗಿ ಓದಬಹುದೆಂದು ಆ ಪ್ರಕಾರದಲ್ಲಿ ಪಳಗಿದ ಲೇಖಕಿ ಪಿ. ಡಿ. ಜೇಮ್ಸ್ ಪ್ರತಿಪಾದಿಸಿದ್ದಾರೆ. ಸುಳಿವುಗಳೆಲ್ಲವೂ ಓದುಗನ ಕಣ್ಣೆದುರಿಗೇ ಇರುತ್ತವೆ. ಕಾಣುವುದು ಮಾತ್ರ ಕೊನೆಗೆ.

ಆಸ್ಟಿನ್ನಳ ಮನೆತನಕ್ಕೂ ಅಪರಾಧದ ಬಿಸಿ ತಟ್ಟಿತ್ತು. ಅವಳ ಸೋದರಮಾವನ ಹೆಂಡತಿ ಜೇನ್ ಲೀ-ಪೆರೊ ಶ್ರೀಮಂತೆ. 1799ರ ಆಗಸ್ಟಿನಲ್ಲಿ ಬಾತ್ ಪಟ್ಟಣದ ಅಂಗಡಿಯೊಂದರಲ್ಲಿ ಕಪ್ಪು ಲೇಸನ್ನು ಕೊಂಡು ಹೊರಬಂದ ಈಕೆಯ ಪೊಟ್ಟಣದಲ್ಲಿ ಬಿಳಿಯ ಲೇಸೂ ದೊರೆಯಿತು. ಅದರ ಬೆಲೆ ಇಪ್ಪತ್ತು ಶಿಲಿಂಗು. ಐದು ಶಿಲಿಂಗಿನ ಸರಕನ್ನು ಅಂಗಡಿಯಿಂದ ಕದ್ದರೂ ಮರಣದಂಡನೆ ವಿಧಿಸಬಹುದಾದ ಕಾಲವದು. ಪ್ರಾಣ ಉಳಿದರೂ ಆಸ್ಟ್ರೇಲಿಯಕ್ಕೆ ಗಡೀಪಾರು ತಪ್ಪುತ್ತಿರಲಿಲ್ಲ. ಏಳು ತಿಂಗಳಿಗೂ ಹೆಚ್ಚು ಕಾಲ ಗಂಡಹೆಂಡಿರು ಜೈಲರನ ಮನೆಯಲ್ಲಿ ಕಳೆದರು. 1800ರ ಮಾರ್ಚಿನಲ್ಲಿ ಟಾಂಟನ್ನಿನಲ್ಲಿ ವಿಚಾರಣೆ ನಡೆಯಿತು. ಇಂತಹ ಮೊಕದ್ದಮೆಗಳಲ್ಲಿ ಆರೋಪಿಯ ವಕೀಲನು ಜ್ಯೂರಿಯನ್ನು ಉದ್ದೇಶಿಸಿ ವಾದಿಸುವಂತಿರಲಿಲ್ಲ. ಆ ಹಕ್ಕು ದೊರೆತದ್ದು 1836ರಲ್ಲಿ. ಜ್ಯೂರಿಯಲ್ಲಿ ಹೆಂಗಸರಿಗೆ ಸ್ಥಾನವಿಲ್ಲ. ಅದಕ್ಕೆ 1919ರ ಕಾಯಿದೆಯವರೆಗೆ ಕಾಯಬೇಕಾಯಿತು. ಆಕೆಗೆ ಬಿಡುಗಡೆಯೇನೋ ಆಯಿತು. ಆದರೆ ಗಣ್ಯರ ಸಾಕ್ಷ್ಯ, ಹಣ, ನುರಿತ ವಕೀಲರು ಎಲ್ಲವೂ ಆಕೆಯ ಬೆನ್ನಿಗಿದ್ದುವೆಂಬುದನ್ನು ಮರೆಯಲಾಗದು.

ಆಸ್ಟಿನ್ನಳನ್ನೇ ಪತ್ತೇದಾರಿಣಿಯನ್ನಾಗಿಸಿ ಸ್ಟೆಫನಿ ಬ್ಯಾರನ್ 1996ರಿಂದ 2023ರವರೆಗೆ ಹದಿನೈದು ಕಾದಂಬರಿಗಳನ್ನು ಬರೆದರು. ಈ ಲೇಖಕಿ ಹಿಂದೆ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎಯಲ್ಲಿ ವಿಶ್ಲೇಷಕಿಯಾಗಿದ್ದವರು. ಆಸ್ಟಿನ್ನಳ ಬದುಕಿನ ತಿಳಿದ ಸಂಗತಿಗಳನ್ನು ಕದಡದೆ, ತಿಳಿಯದ ಬಿಡುವುಗಳಲ್ಲಿ ಕಥೆಯನ್ನು ಹೆಣೆಯುವ ಈ ಶಿಸ್ತು ಮೆಚ್ಚತಕ್ಕದ್ದು.

ಇನ್ನು ನನ್ನ ದೂರು. ಈ ಬಗೆಯ ಬಹುಪಾಲು ಕಾದಂಬರಿಗಳಲ್ಲಿ ನಾಯಕಿಯ ಬುದ್ಧಿಯೆಲ್ಲ ದಿವಾನಖಾನೆಯಲ್ಲಿಯೇ ವ್ಯಯವಾಗುತ್ತದೆ. ಸತ್ತವನು ಜಮೀನುದಾರ, ಕೊಂದವನು ವಾರಸುದಾರ. ಕೆಲಸದವಳು ಕಾಫಿ ತಂದಿಟ್ಟು, ಒಂದು ಸುಳಿವನ್ನು ಉಸುರಿ ಮರೆಯಾಗುತ್ತಾಳೆ. ಪತ್ತೇದಾರಿಣಿಯ ಅಗತ್ಯ ನಿಜವಾಗಿ ಇದ್ದದ್ದು ಅವಳಿಗೇ!

ಎಲೈಜಾ ಫೆನ್ನಿಂಗಳ ಪ್ರಕರಣವನ್ನು ನೋಡಿ. ಈಕೆ ಲಂಡನ್ನಿನ ಚಾನ್ಸರಿ ಲೇನಿನ ಮನೆಯೊಂದರ ಅಡುಗೆಯವಳು, ಇಪ್ಪತ್ತರ ಹರೆಯ. 1815ರ ಮಾರ್ಚಿನಲ್ಲಿ ಈಕೆ ಬೇಯಿಸಿದ ಹಿಟ್ಟಿನ ಕಡುಬನ್ನು ತಿಂದು ಮನೆಯವರು ಕಾಯಿಲೆ ಬಿದ್ದರು. ಯಾರೂ ಸಾಯಲಿಲ್ಲ. ತಾನೂ ತಿಂದು ಅವಳೂ ನರಳಿದಳು. ಇಲಿಗಳಿಗೆಂದು ತಂದ ಪಾಷಾಣವು ಬೀಗವಿಲ್ಲದ ಖಾನೆಯಲ್ಲಿ ಎಲ್ಲರ ಕೈಗೂ ಎಟಕುವಂತಿತ್ತು. ಆದರೂ ಅಪರಾಧಿ ಅಡುಗೆಯವಳೇ ಎಂದು ತೀರ್ಮಾನವಾಯಿತು. ಕಡುಬು ಉಬ್ಬದೆ ಕಪ್ಪಗೆ ಗಟ್ಟಿಯಾಗಿತ್ತು, ಕತ್ತರಿಸಿದ ಚಾಕು ಕಪ್ಪಾಯಿತು - ಇವೇ ವಿಷದ ಗುರುತುಗಳೆಂದರು. ಪಾಷಾಣದಿಂದ ಹಿಟ್ಟು ಉಬ್ಬದಿರುವುದೂ ಇಲ್ಲ, ಚಾಕು ಕಪ್ಪಾಗುವುದೂ ಇಲ್ಲ. ಹಿಟ್ಟು ಯಾವಯಾವ ಕಾರಣಕ್ಕೆ ಕೈಕೊಡುತ್ತದೆಂಬುದು ದಿನವೂ ನಾದುವವಳಿಗೆ ಗೊತ್ತು. ಈಳಿಗೆಮಣೆಯಲ್ಲಿ ಮಾವಿನಕಾಯಿ ಹೆಚ್ಚಿದರೆ ಕಬ್ಬಿಣ ಕಪ್ಪಾಗುವುದನ್ನು ಕಾಣದ ಗೃಹಿಣಿ ನಮ್ಮಲ್ಲಿಯೂ ಇಲ್ಲ. ಆದರೆ ಆ ತಿಳಿವಳಿಕೆಯುಳ್ಳ ಒಬ್ಬಳೂ ತೀರ್ಪುಗಾರರ ಸಾಲಿನಲ್ಲಿರಲಿಲ್ಲ. ಪಾಷಾಣವನ್ನು ನೆಚ್ಚಿಕೆಯಿಂದ ಗುರುತಿಸುವ ಮಾರ್ಷ್ ಪರೀಕ್ಷೆ ಬಂದದ್ದು 1836ರಲ್ಲಿ. ಎಲೈಜಾಳನ್ನು 1815ರ ಜುಲೈ 26ರಂದು ಗಲ್ಲಿಗೇರಿಸಿದರು. ಅವಳ ಶವಯಾತ್ರೆಯಲ್ಲಿ ಸಾವಿರಾರು ಜನ ನೆರೆದರು. ಪತ್ರಕರ್ತ ವಿಲಿಯಂ ಹೋನ್ ಪ್ರಕರಣವನ್ನು ಬಿಡಿಸಿ ಬಿಡಿಸಿ ಪ್ರಶ್ನಿಸಿದನು. ಆದರೆ ಹೋದ ಜೀವ ಬರಲಿಲ್ಲ.

ಲೇಸಿನ ಪೊಟ್ಟಣದ ಒಡತಿ ಬದುಕಿದಳು, ಕಡುಬಿನ ಪಾತ್ರೆಯ ಒಡತಿ ಸತ್ತಳು. ಎರಡರ ನಡುವಿನ ಅಂತರವೇ ಆ ಯುಗದ ನಿಜವಾದ ರಹಸ್ಯ. ಈ ಅಂತರವನ್ನು ಶೋಧಿಸುವ ಪತ್ತೇದಾರಿಣಿ ನನಗೆ ಬೇಕು.

ಇದರಿಂದ ಕಥೆಯ ಸೊಗಸು ಕೆಡುವುದೆಂದು ನನಗೆ ತೋರುವುದಿಲ್ಲ. ನೃತ್ಯಕೂಟ ಇರಲಿ, ಚತುರ ಸಂಭಾಷಣೆಯೂ ಇರಲಿ. ಆದರೆ ನಾಯಕಿ ಸತ್ಯವನ್ನು ಕಂಡ ಮಾತ್ರಕ್ಕೆ ಲೋಕ ಅವಳ ಮಾತನ್ನು ಕೇಳಿಬಿಡುವುದು ಮಾತ್ರ ಬೇಡ. ಕಂಡದ್ದನ್ನು ಯಾರ ಬಾಯಿಂದ ಹೇಳಿಸಬೇಕು, ಹೇಳಿದರೆ ತನ್ನ ಹೆಸರಿಗೂ ಆಶ್ರಯಕ್ಕೂ ಒದಗುವ ಕುಂದೇನು ಎಂಬ ಲೆಕ್ಕ ಅವಳನ್ನು ಪುಟಪುಟದಲ್ಲಿಯೂ ಕಾಡಬೇಕು. ಕೊಲೆಗಾರನ ಹೆಸರು ತಿಳಿಯುವುದು ಅರ್ಧ ಕಥೆ; ಅದನ್ನು ನಂಬಿಸುವುದು ಉಳಿದರ್ಧ.

ಆದ್ದರಿಂದ, ಈ ಕಾದಂಬರಿಗಳನ್ನು ಓದುವ ನನ್ನ ವಿದ್ಯಾರ್ಥಿಗಳಿಗೂ ಮನೆಯ ಮಕ್ಕಳಿಗೂ ನನ್ನದೊಂದು ಸೂಚನೆ: ಕೊಂದವರು ಯಾರೆಂದು ಊಹಿಸುವುದರ ಜೊತೆಗೆ, ತಟ್ಟೆಯನ್ನು ತಂದಿಟ್ಟವಳಿಗೆ ಲೇಖಕರು ಒಂದು ಹೆಸರನ್ನಾದರೂ ಕೊಟ್ಟಿದ್ದಾರೆಯೇ ಎಂದು ಗಮನಿಸಿರಿ. ಪುಸ್ತಕದ ಬೆಲೆಯನ್ನು ಅಳೆಯಲು ಅದೊಂದು ಒಳ್ಳೆಯ ತಕ್ಕಡಿ.