ಬೆಳ್ಳಿಯ ಪಟ್ಟಿ ಮತ್ತು ಭಾವನ ಬೂಟು

ಕಳೆದ ತಿಂಗಳು ಡೊಂಬಿವಲಿಯಿಂದ ಅಕ್ಕ ಫೋನ್ ಮಾಡಿದಳು. "ಭಾವನ ಅಂಗಾಲಿನ ಗಾಯ ಒಂದೂವರೆ ತಿಂಗಳಾದರೂ ಮಾಯುತ್ತಿಲ್ಲ ಕಣೋ. ನ್ಯಾನೋ ಬೆಳ್ಳಿಯ ಪಟ್ಟಿ ಬಂದಿದೆಯಂತೆ. ಅದನ್ನು ಹಾಕಿಸಿದರೆ ಸಾಕಲ್ವಾ?"

ಭಾವನಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಬೂಟಿನೊಳಗೆ ಸೇರಿದ್ದ ಸಣ್ಣ ಕಲ್ಲು ದಿನವಿಡೀ ಒತ್ತಿದರೂ ಅವರಿಗೆ ಗೊತ್ತಾಗಿರಲಿಲ್ಲ. ಕಾಲುಚೀಲ ಒಗೆಯುವಾಗ ರಕ್ತದ ಕಲೆ ಕಂಡದ್ದು ಅಕ್ಕನಿಗೆ. ಮಧುಮೇಹದಲ್ಲಿ ನರಗಳು ಸೊರಗಿ ನೋವು ತಿಳಿಯುವುದಿಲ್ಲ, ರಕ್ತನಾಳ ಕಿರಿದಾಗಿ ರಕ್ತ ಸಾಲುವುದಿಲ್ಲ, ಬ್ಯಾಕ್ಟೀರಿಯಾಗಳ ಜೊತೆ ಹೋರಾಡುವ ಬಿಳಿರಕ್ತಕಣಗಳೂ ಮಂಕಾಗುತ್ತವೆ.

ನ್ಯಾನೋ ಬೆಳ್ಳಿ ನೆರವಾಗುವುದು ಬ್ಯಾಕ್ಟೀರಿಯಾದ ವಿಷಯದಲ್ಲಿ. ಮೀಟರಿನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೋಮೀಟರ್. ನಮ್ಮ ಒಂದು ಕೂದಲಿನ ದಪ್ಪವೇ ಸುಮಾರು 80,000 ನ್ಯಾನೋಮೀಟರ್. ಬೆಳ್ಳಿಯನ್ನು ಅಷ್ಟು ಸಣ್ಣ ಕಣಗಳಾಗಿಸಿದರೆ ಅದರ ಒಟ್ಟು ಹೊರಮೈ ಬಹಳ ಹೆಚ್ಚುತ್ತದೆ. ಗಾಯದ ತೇವ ತಾಗಿದಾಗ ಬೆಳ್ಳಿಯ ಅಯಾನುಗಳು ನಿಧಾನವಾಗಿ ಹೊರಬಂದು ಬ್ಯಾಕ್ಟೀರಿಯಾದ ಹೊರಪೊರೆಯನ್ನು ಕೆಡಿಸುತ್ತವೆ. ಸುಟ್ಟಗಾಯಗಳಿಗೆ ಇಂಥ ಪಟ್ಟಿ 1990ರ ದಶಕದಿಂದಲೇ ಬಳಕೆಯಲ್ಲಿದೆ. ಚರ್ಮ ಬೆಳೆಸುವ ಔಷಧಿಯನ್ನು ಹೊತ್ತ ನ್ಯಾನೋ ಎಳೆಗಳ ಬಟ್ಟೆಯೂ ತಯಾರಾಗುತ್ತಿದೆ. ಅದರ ಪರೀಕ್ಷೆ ಹೆಚ್ಚಾಗಿ ನಡೆದಿರುವುದು ಇಲಿಗಳ ಮೇಲೆ.

ಆದರೆ ಮಧುಮೇಹಿಗಳ ಪಾದದ ಬಗ್ಗೆ 2023ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ, ಗಾಯ ಮಾಯಲೆಂದೇ ಬೆಳ್ಳಿಯ ಪಟ್ಟಿ ಬಳಸಬೇಡಿ ಎನ್ನುತ್ತದೆ. ಬ್ಯಾಕ್ಟೀರಿಯಾ ಸತ್ತರೂ ಕಾಲಿಗೆ ರಕ್ತ ಬರಬೇಕು, ಸತ್ತ ಚರ್ಮ ತೆಗೆಯಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಗಾಯದ ಮೇಲೆ ಮೈಭಾರ ಬೀಳಬಾರದು.

"ಅಕ್ಕ, ಭಾವ ಈಗಲೂ ಸ್ಟೇಷನ್ನಿಗೆ ನಡೆದೇ ಹೋಗ್ತಾರಾ?"

"ಮತ್ತೆ? ರಜೆ ಎಲ್ಲಿದೆ?"

ತೊಡಕು ಇದ್ದದ್ದು ಅಲ್ಲೇ. ನೋವಿಲ್ಲದ ಕಾಲು ನಡೆಯುತ್ತಲೇ ಇತ್ತು, ಪ್ರತಿ ಹೆಜ್ಜೆಗೂ ಗಾಯ ಜಜ್ಜುತ್ತಲೇ ಇತ್ತು. ಆ ವಾರವೇ ಪಾದದ ಡಾಕ್ಟರರ ಬಳಿ ಹೋದರು. ಕಾಲಿನ ರಕ್ತಸಂಚಾರ ನೋಡಿ, ಸತ್ತ ಚರ್ಮ ತೆಗೆದು, ಭಾರ ತಪ್ಪಿಸುವ ಎತ್ತರದ ಬೂಟು ಹಾಕಿ, ಮನೆಯಲ್ಲೇ ಕೂರಿಸಿದರು. ಗಾಯ ಪೂರ್ತಿ ಮುಚ್ಚಿಲ್ಲ, ಅರ್ಧಕ್ಕಿಳಿದಿದೆ.

2023ರ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಮಧುಮೇಹಿಗಳು 10 ಕೋಟಿಗೂ ಹೆಚ್ಚು. ನೀವೂ ಅವರಲ್ಲೊಬ್ಬರಾದರೆ ರಾತ್ರಿ ಮಲಗುವ ಮುಂಚೆ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ. ಬೆಳಿಗ್ಗೆ ಬೂಟಿನೊಳಗೆ ಕೈಯಾಡಿಸಿ ಹಾಕಿಕೊಳ್ಳಿ. ಗಾಯ ಕಪ್ಪಾದರೆ, ವಾಸನೆ ಬಂದರೆ, ಪಾದ ಊದಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಲೋಕಲ್ ತಪ್ಪಿದರೆ ಇನ್ನೊಂದು ಬರುತ್ತದೆ.